ಮೂರು ಸಲ ಓದಿದ ಪದ್ಯ

ಮೊನ್ನೆ ಭಾನುವಾರ ಬೆಳಿಗ್ಗೆ ಆಳಂದದ ನಮ್ಮ ಬಟ್ಟೆ ಅಂಗಡಿಯ ಷಟರ್‌ಗೆ ಎಣ್ಣೆ ಬಿಡಿಸುತ್ತಿದ್ದೆ. ರಿಪೇರಿಯವನು ಬೇರೆ ಎಣ್ಣೆ ಸಿಗದೆ ಹೊಲಿಗೆ ಮಷೀನಿಗೆ ಹಾಕುವ ಎಣ್ಣೆಯ ಪುಟ್ಟ ಬಾಟಲಿ ತಂದಿದ್ದ. ಮುಚ್ಚಳ ತೆಗೆದದ್ದೇ ತಡ, ಆ ವಾಸನೆಗೆ ನಾನು ಗಲ್ಲಾಪೆಟ್ಟಿಗೆ ಬಿಟ್ಟೆದ್ದು ಹೊರಗಿನ ಕಟ್ಟೆಗೆ ಬಂದು ಅತ್ತಿತ್ತ ನೋಡತೊಡಗಿದೆ.

"ಏನ್ ಹುಡುಕಾಕತ್ತೀರಿ ಸಾವ್ಕಾರ್ರ?" ಎಂದು ಅವನು ಕೇಳಿದ.

"ಏನಿಲ್ಲಪಾ" ಎಂದೆ. ಹುಡುಕುತ್ತಿದ್ದದ್ದು ಇಪ್ಪತ್ತು ವರ್ಷಗಳ ಹಿಂದೆ ಆ ಕಟ್ಟೆಯ ಮೇಲಿದ್ದ ಒಂದು ಹೊಲಿಗೆ ಮಷೀನನ್ನು ಮತ್ತು ಅದರ ಹಿಂದೆ ಕೂತಿರುತ್ತಿದ್ದ ಲಾಡ್ಲೇ ಚಾಚಾನನ್ನು. ಈಗ ಆ ಜಾಗದಲ್ಲಿ ಕೋಟು ತೊಟ್ಟ ಪ್ಲಾಸ್ಟಿಕ್ ಬೊಂಬೆಯೊಂದು ನಿಂತಿದೆ.

ಆಗ ನಮ್ಮದು ಥಾನಿನಿಂದ ಬಟ್ಟೆ ಹರಿದು ಮಾರುವ ಸಣ್ಣ ಅಂಗಡಿ. ಒಳಗೆ ಬಟ್ಟೆ ಹರಿಸಿಕೊಂಡು ಹೊರಗೆ ಚಾಚಾನ ಮುಂದೆ ನಿಂತರೆ ಅಂಗಿ, ಪಾಯಿಜಾಮ ಅಲ್ಲೇ ಹೊಲಿಸಿಕೊಳ್ಳಬಹುದಿತ್ತು. ಯಾರ ಎಡಭುಜ ಇಳಿದಿದೆ, ಯಾರ ಹೊಟ್ಟೆ ಹಬ್ಬದಿಂದ ಹಬ್ಬಕ್ಕೆ ಮುಂದೆ ಬರುತ್ತಿದೆ ಎಂಬುದೆಲ್ಲ ಚಾಚಾಗೆ ಬಾಯಿಪಾಠ. ಹಿರೋಳ್ಳಿಯ ರೈತನೊಬ್ಬ ಮೂರು ವರ್ಷದ ಮೇಲೆ ಬಂದರೂ ಟೇಪು ಹಿಡಿಯದೆ ಅವನ ಅಳತೆ ಹೇಳಿಬಿಡುತ್ತಿದ್ದರು. ಆ ಜನ ಬರುತ್ತಿದ್ದದ್ದು ನನ್ನ ಬಟ್ಟೆಗಾಗಿ ಎಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ನಗಬೇಡಿ, ವ್ಯಾಪಾರಿಗಳೆಲ್ಲ ಹಾಗೇ ನಂಬುತ್ತಾರೆ.

ಶ್ರಾವಣ ಬಂತೆಂದರೆ ಅದೇ ಕಟ್ಟೆಯ ಮೇಲೆ ಸಂಜೆ ಹೊತ್ತು ಪುರಾಣ. ನಮ್ಮ ಕಡೆ ಪುರಾಣಕ್ಕೆ ಇಬ್ಬರು ಬೇಕು. ಒಬ್ಬ ಪದ್ಯ ಓದುತ್ತಾನೆ, ಇನ್ನೊಬ್ಬ ಅರ್ಥ ಹೇಳುತ್ತಾನೆ. ನಾನು ಕನ್ನಡ ಬಿ.ಎ. ಆದವನು, ಅರ್ಥ ಹೇಳುವ ಗಾದಿ ಸಹಜವಾಗಿಯೇ ನನ್ನದಾಯಿತು. ಓದುವವರು ಲಾಡ್ಲೇ ಚಾಚಾ. ನಾಲ್ಕನೇ ಇಯತ್ತೆವರೆಗೆ ಉರ್ದು ಕಲಿತಿದ್ದವರು. ಕನ್ನಡ ಅಕ್ಷರ ಹಿಡಿದದ್ದು ಮೂವತ್ತು ದಾಟಿದ ಮೇಲೆ, ಬಸ್ಸಿನ ಬೋರ್ಡು ಮತ್ತು ಲಗ್ನಪತ್ರಿಕೆಗಳಿಂದ. ಆದರೆ ಕಂಠ ಎಂಥದ್ದು ಅಂತೀರಿ! ಷಟ್ಪದಿ ಎತ್ತಿದರೆ ಎದುರಿನ ಹೋಟೆಲಿನವನು ರೇಡಿಯೋ ಸಣ್ಣದು ಮಾಡುತ್ತಿದ್ದ.

ನಮ್ಮ ಪುಸ್ತಕಕ್ಕೆ ಹೆಸರಿರಲಿಲ್ಲ. ನನ್ನ ಅಜ್ಜನ ಕಾಲದ್ದು, ಮೊದಲ ಹಾಳೆಗಳೇ ಹರಿದುಹೋಗಿದ್ದವು. ಒಬ್ಬ ಸೆಟ್ಟಿ ದೋಣಿಯಲ್ಲಿ ಸರಕು ಹೇರಿಕೊಂಡು ಊರಿಂದೂರಿಗೆ ವ್ಯಾಪಾರಕ್ಕೆ ಹೋಗುವ ಹಳೆಯ ಕಾವ್ಯ. ಚಾಚಾ ಪದ್ಯ ಓದಿ ನಿಲ್ಲಿಸುತ್ತಿದ್ದರು, ನಾನು ಗಂಟಲು ಸರಿಮಾಡಿಕೊಂಡು ಅರ್ಥ ಬಿಚ್ಚುತ್ತಿದ್ದೆ. ಗೊತ್ತಿಲ್ಲದ ಕಡೆ ಏನು ಮಾಡುತ್ತಿದ್ದೆ ಎಂದು ಕೇಳಿದಿರಾ? ಒಂದು ಹಾಸ್ಯದ ಕಥೆ ಹೇಳಿ ದಾಟಿಬಿಡುತ್ತಿದ್ದೆ. ಡಿಗ್ರಿ ಕೈಗೆ ಬಂದ ದಿನವೇ ನಾನು ಓದು ನಿಲ್ಲಿಸಿದ್ದೆನೆಂಬುದು ಕೇಳುವವರಿಗೆ ಗೊತ್ತಾಗಬಾರದಲ್ಲ!

ಚಾಚಾಗೆ ಒಂದು ಅಭ್ಯಾಸವಿತ್ತು. ನಾನು ಅರ್ಥ ಹೇಳಿ ಮುಗಿಸಿದ ಮೇಲೆ ಕೆಲವು ಪದ್ಯಗಳನ್ನು ಮಾತ್ರ ಇನ್ನೊಮ್ಮೆ ಓದುತ್ತಿದ್ದರು, ಮೊದಲಿಗಿಂತ ನಿಧಾನವಾಗಿ. ನನ್ನ ವಿವರಣೆ ಅಷ್ಟು ಸೊಗಸಾಗಿತ್ತೆಂದೇ ಅವರಿಗೆ ಮತ್ತೆ ಓದುವ ಹುಮ್ಮಸ್ಸು ಬಂತೆಂದು ನಾನು ತಿಳಿಯುತ್ತಿದ್ದೆ. ಒಳಗೊಳಗೇ ಉಬ್ಬುತ್ತಿದ್ದೆ ಕೂಡ.

ಕೊನೆಯ ಶ್ರಾವಣದಲ್ಲಿ ಒಂದು ಪದ್ಯ ಬಂತು. ಸೆಟ್ಟಿಗೆ ಇನ್ನೂ ನಾಲ್ಕು ಮೂಟೆ ಹೇರುವ ಆಸೆ. ದೋಣಿಯಲ್ಲಿ ಜಾಗವಿಲ್ಲ. ಅಂಬಿಗ ಕೂರುವ ಹಲಗೆಯನ್ನು ಕಿತ್ತು, ಆ ಜಾಗದಲ್ಲಿ ಮೂಟೆ ಇಡುತ್ತಾನೆ. ಅದೇ ವಾರ ನಾನು ಕಲಬುರಗಿಯಲ್ಲಿ ವ್ಯಾಪಾರ ಬೆಳೆಸುವ ಬಗ್ಗೆ ಯಾರದೋ ಭಾಷಣ ಕೇಳಿ ಬಂದಿದ್ದೆ. ರೆಡಿಮೇಡ್ ಶೋರೂಮು, ಅಫಜಲಪುರದಲ್ಲಿ ಒಂದು ಶಾಖೆ, ಜೇವರ್ಗಿಯಲ್ಲಿ ಇನ್ನೊಂದು, ತಲೆಯ ತುಂಬ ಅದೇ. "ನೋಡ್ರಿ, ಬೆಳಿಬೇಕಂದವ್ಗ ಹಿಂಗ ಧೈರ್ಯ ಬೇಕು. ಹಳೇದು ಕಿತ್ತು ಒಗದ್ರನ ಹೊಸಾದಕ್ಕ ಜಾಗ ಆಗ್ತದ" ಎಂದು ಅರ್ಥ ಹೇಳಿದೆ. ಜನ ತಲೆದೂಗಿದರು.

ಚಾಚಾ ಪದ್ಯವನ್ನು ಎರಡನೇ ಸಲ ಓದಿದರು. ಸ್ವಲ್ಪ ತಡೆದು ಮೂರನೇ ಸಲವೂ ಓದಿದರು. ಹಿಂದೆಂದೂ ಹಾಗೆ ಮಾಡಿದವರಲ್ಲ.

"ವಾಹ್ ಚಾಚಾ, ಇವತ್ತ ಗಂಟಲಕ್ಕ ಜೇನ ಹಚ್ಚಿಕೊಂಡು ಬಂದೀರಿ ನೋಡ್ರಿ!" ಎಂದೆ.

ಅವರು ನನ್ನ ಮುಖ ನೋಡಿ ಪುಸ್ತಕ ಮಡಿಚಿದರು.

ಮುಂದಿನದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮರುದಿನವೇ ನಾನು ಚಾಚಾಗೆ, ಅಂಗಡಿಯ ಮುಂಭಾಗಕ್ಕೆ ಗಾಜು ಹಾಕಿಸುವುದಿದೆ, ಕಟ್ಟೆಯ ಮೇಲಿನ ಮಷೀನು ಎತ್ತಬೇಕು ಎಂದೆ. ಮಾತಿನಲ್ಲಿ ವಿನಯಕ್ಕೇನೂ ಕೊರತೆಯಿರಲಿಲ್ಲ. ಚಹಾ ತರಿಸಿ, ಕುಡಿಸಿ, ಆಮೇಲೆ ಹೇಳಿದೆ.

"ಆಗ್ಲಿರಿ ಸಾವ್ಕಾರ್ರ, ನಿಮ್ಮ ಜಾಗ, ನಿಮ್ಮ ಮರ್ಜಿ" ಎಂದರು. ಕಪ್ಪು ಕೆಳಗಿಟ್ಟು, "ಪುರಾಣ ಅರ್ಧಕ್ಕ ನಿಂತದಲ್ರಿ?" ಎಂದು ಕೇಳಿದರು.

"ಪುಸ್ತಕ ನಿಮ್ಮ ಬಲ್ಲಿನೇ ಇರ್ಲಿ. ಮುಂದಿನ ಶ್ರಾವಣಕ್ಕ ನಾನ ನಿಮ್ಮೂರಿಗೆ ಬಂದು ಮುಗಸ್ತೇನಿ" ಎಂದೆ.

ಯಾರು ಅರ್ಥ ಹೇಳಲು ಕೂತರೋ ಅವರೇ ಪುರಾಣಕ್ಕೆ ಮಂಗಳ ಹಾಡಿಸಬೇಕು ಎಂಬುದು ನಮ್ಮ ಕಟ್ಟೆಯ ರೂಢಿ. ಅದನ್ನು ಮಾಡಿದವನು ನನ್ನಜ್ಜ. ಮುರಿದವನು ನಾನು.

ಮಷೀನು ಹೊತ್ತ ಆಟೋ ಚಾಚಾನ ಊರು ಸರಸಂಬಾದ ದಾರಿ ಹಿಡಿದಾಗ ಒಳಗೆ ಗಾಜಿನವರು ಗೋಡೆ ಕೊರೆಯುತ್ತಿದ್ದರು. ಚಾಚಾ ಆಟೋದಿಂದ ಹೊರಗೆ ಬಾಗಿ ನನ್ನ ಕಡೆ ತಿರುಗಿ ಏನೋ ಕೂಗಿ ಹೇಳಿದರು. ಆ ಸದ್ದಿನಲ್ಲಿ ಕೇಳಿಸಲಿಲ್ಲ. ನಾನು ನಗುತ್ತ ಕೈ ಬೀಸಿದೆ.

ಮುಂದಿನ ಶ್ರಾವಣಕ್ಕೆ ಅಫಜಲಪುರದ ಶಾಖೆಯ ಪೂಜೆ ಬಂತು. ಅದರ ಮುಂದಿನದಕ್ಕೆ ಜೇವರ್ಗಿಯದು. ಸರಸಂಬಾ ನಮ್ಮೂರಿಂದ ಎಷ್ಟು ದೂರ ಮಹಾ! ಆದರೂ ಹೋಗಲಿಲ್ಲ. ಗೆಲ್ಲುವುದು ಹೇಗೆಂದು ಹೇಳುವ ಪುಸ್ತಕಗಳನ್ನು ಕೊಂಡು ಗಲ್ಲೆಯ ಹಿಂದೆ ಸಾಲಾಗಿ ಇಟ್ಟೆ. ಅರ್ಧದಷ್ಟರ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿಲ್ಲ. ಅಫಜಲಪುರದ ಅಂಗಡಿ ಐದು ವರ್ಷಕ್ಕೇ ಮುಚ್ಚಿತು. ಜೇವರ್ಗಿಯದನ್ನು ಬೇರೆಯವರು ನಡೆಸುತ್ತಿದ್ದಾರೆ. ಆಳಂದದ ಶೋರೂಮಿಗೆ ಬಂದ ಹಳೆಯ ಗಿರಾಕಿಗಳು ಕನ್ನಡಿಯ ಮುಂದೆ ನಿಂತು, ಇಳಿದ ಭುಜವನ್ನು ನೋಡಿಕೊಂಡು, "ಚಾಚಾ ಎಲ್ಲಿ ಕೂಡ್ತಾರ್ರಿ ಈಗ?" ಎಂದು ಕೇಳಿ ಹೊರಟುಹೋಗುತ್ತಿದ್ದರು. ಮೂರು ವರ್ಷದ ಹಿಂದೆ ಚಾಚಾ ತೀರಿಕೊಂಡ ಸುದ್ದಿ ಬಂದಾಗಲೂ ನಾನು ಹೋಗಲಿಲ್ಲ. ಕೆಲಸವಿತ್ತೆಂದು ಎಲ್ಲರಿಗೂ ಹೇಳಿದೆ. ನಿಜವಾಗಿ ಇದ್ದದ್ದು ನಾಚಿಕೆ.

ಮೊನ್ನೆ ಆ ಎಣ್ಣೆಯ ವಾಸನೆ ಮೂಗಿಗೆ ಹೊಡೆದ ಮೇಲೆ ಮಾತ್ರ ಕೂತಲ್ಲಿ ಕೂರಲಾಗಲಿಲ್ಲ. ಮಧ್ಯಾಹ್ನವೇ ಸರಸಂಬಾಕ್ಕೆ ಹೋದೆ.

ಬಾಗಿಲು ತೆಗೆದವಳು ಚಾಚಾನ ಮಗಳು ಶಬಾನಾ. ಈಗ ಶಾಲೆಯಲ್ಲಿ ಕನ್ನಡ ಕಲಿಸುತ್ತಾಳಂತೆ. "ಬರ್ರಿ ಕಾಕಾ" ಎಂದಳು, ನಿನ್ನೆ ಬಂದುಹೋದವನನ್ನು ಕರೆದ ಹಾಗೆ. ನೀರು ಕೊಟ್ಟು, ನಾನು ಬಾಯಿ ಬಿಡುವ ಮೊದಲೇ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಪುಸ್ತಕ ತಂದು ಮುಂದಿಟ್ಟಳು.

"ನೀವು ಬರ್ತೀರಂತ ಅಬ್ಬಾ ತೆಗದಿಟ್ಟಿದ್ರು ಕಾಕಾ. ಮುಂದ ಒಂದ್ ಪದ್ಯನೂ ಓದ್ಲಿಲ್ಲ. ಅರ್ಥ ಹೇಳವರು ಬರ್ಲಿ ಅಂತಿದ್ರು."

ಪುಸ್ತಕ ತೆರೆದೆ. ಹಾಳೆಗಳ ಅಂಚಿನಲ್ಲಿ ಅಲ್ಲಲ್ಲಿ ಕೆಂಪು ದಾರದ ಒಂದೊಂದು ಹೊಲಿಗೆ. ಪಕ್ಕದಲ್ಲಿ ಪೆನ್ಸಿಲ್ಲಿನ ಸಣ್ಣ ಉರ್ದು ಅಕ್ಷರ. ಇದೇನೆಂದು ಕೇಳಿದೆ.

ಅವಳು ಸ್ವಲ್ಪ ಅಳುಕಿದಳು. "ಎರಡನೇ ಸಲ ಓದಿದ ಪದ್ಯಗಳ ಗುರ್ತ್ರಿ, ಬಾಜೂಕ ಬರದಿದ್ದು ಅರ್ಥ. ಅರ್ಥ ಬ್ಯಾರೆ ಅದ ಅನಸಿದ್ರ ಅಬ್ಬಾ ಹಂಗ ಮಾಡ್ತಿದ್ರು."

"ಹೇಳಬೇಕಿತ್ತಲ್ಲವ್ವಾ ನನಗ!"

"ನಾನೂ ಕೇಳಿದ್ದೆರಿ. ಓದವ್ನು ಅರ್ಥ ಹೇಳಬಾರ್ದು, ನಾಲ್ಕ ಮಂದ್ಯಾಗ ಸಾವ್ಕಾರ್ರ ಮಾತ್ ಕಡಿಬಾರ್ದು, ಇನ್ನೊಮ್ಮೆ ಓದಿದ್ರ ಅವ್ರಿಗೇ ತಿಳೀತದ ಅಂದ್ರು."

ಆ ಅರ್ಥಗಳನ್ನು ಚಾಚಾ ಎಲ್ಲಿಂದ ತಂದರು? ತಿಂಗಳಿಗೊಮ್ಮೆ ಅಂಗಡಿಗೆ ರಜೆ ಹಾಕಿ ಬಸ್ಸು ಹತ್ತುತ್ತಿದ್ದರು. ಗುಂಡಿ, ದಾರ ತರಲು ಹೋಗುತ್ತಾರೆಂದು ನಾನು ಅಂದುಕೊಂಡಿದ್ದೆ. ಶಬಾನಾ ಹೇಳಿದಳು, ಅವರು ಹೋಗುತ್ತಿದ್ದದ್ದು ಜೇವರ್ಗಿ ಕಡೆಯ ಅಂದೋಲಾಕ್ಕೆ, ಒಬ್ಬ ನಿವೃತ್ತ ಮಾಸ್ತರರ ಬಳಿ, ಮುಂದಿನ ಪದ್ಯಗಳನ್ನು ಕೇಳಿ ತಿಳಿಯಲು. ಅಷ್ಟು ದೂರ, ಎರಡು ಬಸ್ಸು ಬದಲಿಸಿ, ಆ ವಯಸ್ಸಿನಲ್ಲಿ! ಎಂದೂ ಬಾಯಿಬಿಟ್ಟು ಹೇಳಬಾರದ ಅರ್ಥಕ್ಕಾಗಿ. ನಾನು ಗಾದಿಯ ಮೇಲೆ ಕೂತು ತಿಳಿಯದ್ದಕ್ಕೆ ಹಾಸ್ಯದ ಕಥೆ ಹೇಳುತ್ತಿದ್ದೆ. ನನ್ನ ಬಿ.ಎ.ಗೆ ಬೆಂಕಿ ಬಿತ್ತು ಎನ್ನಿಸಿತು.

ಕೊನೆಯ ಗುರುತಿನ ಹಾಳೆ ಬಂತು. ಅಂಬಿಗನ ಹಲಗೆಯ ಪದ್ಯ. ಅಂಚಿನಲ್ಲಿ ಮೂರು ಹೊಲಿಗೆ.

"ಉಳಿದದ್ದು ಓದ್ಲೇನ್ರಿ ಕಾಕಾ? ಅರ್ಥ ನೀವು ಹೇಳ್ರಿ" ಎಂದಳು. ಅಪ್ಪನದೇ ಕಂಠ. ಹಾಳೆ ತಿರುವಿ ಮುಂದಿನ ಪದ್ಯ ಎತ್ತಿದಳು.

ಸೆಟ್ಟಿಯ ದೋಣಿ ದಡ ಬಿಡುತ್ತದೆ. ಕೂರಲು ಜಾಗವಿಲ್ಲದ ಅಂಬಿಗ ದಡದಲ್ಲೇ ಉಳಿಯುತ್ತಾನೆ. ಮುಂದೆ ನೀರಿನಡಿ ಬಂಡೆಯಿದೆ, ಬಲಕ್ಕೆ ತಿರುಗಿಸು ಎಂದು ಅಲ್ಲಿಂದಲೇ ಮೂರು ಸಲ ಕೂಗುತ್ತಾನೆ. ಸೆಟ್ಟಿ ಅದನ್ನು ಬೀಳ್ಕೊಡುಗೆ ಎಂದುಕೊಂಡು, ನಗುತ್ತ ಕೈ ಬೀಸುತ್ತಾನೆ.

ಶಬಾನಾ ನಿಲ್ಲಿಸಿ ನನ್ನ ಮುಖ ನೋಡಿದಳು. ಅರ್ಥ ಹೇಳಬೇಕಾದವನು ನಾನು. ಕಣ್ಣು ತುಂಬಿ ಪುಸ್ತಕ ಕಾಣದಾಯಿತು.

"ಆಟೋದಿಂದ ನಿಮ್ಮಪ್ಪ ಅವತ್ತ ಏನೋ ಕೂಗಿದ್ರವ್ವಾ" ಎಂದೆ. "ಏನಂದ್ರೋ ಏನೋ, ನನಗ ಕೇಳ್ಸಲಿಲ್ಲ."

ಅವಳಿಗೂ ಗೊತ್ತಿರಲಿಲ್ಲ. ಇನ್ನು ಯಾರನ್ನೂ ಕೇಳುವಂತಿಲ್ಲ.

ಸಂಜೆ ಅಂಗಡಿಗೆ ಮರಳಿದೆ. ಬೊಂಬೆಯನ್ನು ಎತ್ತಿ ಒಳಗಿಟ್ಟು, ಆ ಜಾಗದಲ್ಲಿ ಚಾಪೆ ಹಾಸಿ ಕೂತೆ. ಪುಸ್ತಕ ಕೊಡುವಾಗ ಶಬಾನಾ ಒಂದು ಕರಾರು ಹಾಕಿದ್ದಳು: ಪ್ರತಿ ಭಾನುವಾರ ನಾನು ಸರಸಂಬಾಕ್ಕೆ ಹೋಗಬೇಕು, ನಾನು ಓದಬೇಕು, ಅರ್ಥ ಅವಳು ಹೇಳುತ್ತಾಳೆ. ಅರವತ್ತೆರಡರ ವಿದ್ಯಾರ್ಥಿ ನಾನು. ಹಲಗೆಯ ಪದ್ಯವನ್ನು ತೆರೆದು ಗಟ್ಟಿಯಾಗಿ ಓದಿದೆ. ಕಂಠ ಒಡಕು. ಎದುರಿನ ಹೋಟೆಲಿನವನು ರೇಡಿಯೋ ಸಣ್ಣದೇನೂ ಮಾಡಲಿಲ್ಲ. ಅರ್ಥ ಹೇಳಲು ನಾಲಿಗೆ ತುರಿಸಿತು, ಹೇಳಲಿಲ್ಲ. ಎರಡನೇ ಸಲ ಓದಿದೆ. ಸ್ವಲ್ಪ ತಡೆದು, ಮೂರನೇ ಸಲವೂ ಓದಿದೆ.