ಕೊನೆಯ ಅಂಕಿಯ ಹತ್ತು ಮನೆ

ಅವರ ಬಲಗೈಯ ತೋರುಬೆರಳು ಸೊಟ್ಟಗಿತ್ತು. ಅದರಿಂದ ಫೋನಿನ ಗುಂಡಿ ಒತ್ತಿದರೆ ಪಕ್ಕದ್ದೂ ಸೇರಿ ಒತ್ತಿಹೋಗುತ್ತಿತ್ತು. ಹಾಗಾಗಿ ಮೋಟು ಪೆನ್ಸಿಲೊಂದರ ಹಿಂಬದಿಯಿಂದ ಒಂದೊಂದೇ ಅಂಕಿ ಒತ್ತುತ್ತಿದ್ದರು. ಕಾಲುವೆಗೆ ನೀರು ಬಂದ ಹೊಸದರಲ್ಲಿ ಶಹಾಪುರದ ಬಸ್ ನಿಲ್ದಾಣದ ಎದುರು ಎಸ್‌ಟಿಡಿ ಬೂತ್ ಇಟ್ಟಿದ್ದ ಅವರನ್ನು ನಾವೆಲ್ಲ ಬೂತಕ್ಕ ಎಂದೇ ಕರೆಯುತ್ತಿದ್ದೆವು.

ನಂಬರನ್ನು ಒಂದೇ ಉಸಿರಿಗೆ ಒದರಿದರೆ ಅವರಿಗೆ ಸಿಟ್ಟು ಬರುತ್ತಿತ್ತು. "ಬಿಡಿಸಿ ಹೇಳ್ರಿ. ಸೊನ್ನಿ ಅಂದ್ರ ಊರ ಅಗಸಿ ಬಾಗಿಲು, ಅದನ್ನ ದಾಟಬೇಕು. ಆಮ್ಯಾಲ ಯಾವ ಊರು, ಊರಾಗ ಯಾವ ಎಕ್ಸ್‌ಚೇಂಜು. ಮನಿ ಕಡೀಕ." ಅವಸರದಲ್ಲಿದ್ದ ಗುತ್ತಿಗೆದಾರರೂ ಮಗ್ಗಿ ಒಪ್ಪಿಸುವವರಂತೆ ಬಿಡಿಸಿ ಹೇಳುತ್ತಿದ್ದರು.

ಅಪ್ಪ ಕಾಲುವೆಯ ಗೇಟ್‌ಮನ್. ಅವನನ್ನು ಆಪರೇಶನ್ನಿಗೆಂದು ಕಾಕಾ ಹೈದರಾಬಾದಿಗೆ ಕರೆದೊಯ್ದಿದ್ದ. ದವಾಖಾನೆಯ ಎದುರು ಅವರು ಇಳಿದುಕೊಂಡಿದ್ದ ಮನೆಯ ನಂಬರಿನ ಚೀಟಿ ನನ್ನ ಮುಷ್ಟಿಯಲ್ಲಿತ್ತು. ಆಪರೇಶನ್ ಆದ ದಿನ ಸಂಜೆ ಆರಕ್ಕೆ ಫೋನಿನ ಹತ್ತಿರ ಇರುತ್ತೇನೆ ಎಂದಿದ್ದ ಕಾಕಾ. ಆ ಸಂಜೆ ಅವ್ವನೂ ನಾನೂ ಹೊಲಗಾಲುವೆ ದಾಟುವಾಗ ನಾನು ಜಾರಿ ನೀರಿಗೆ ಬಿದ್ದೆ. ಬೂತಿನಲ್ಲಿ ಚೀಟಿ ಬಿಡಿಸಿದರೆ ಕೊನೆಯ ಅಂಕಿ ಇದ್ದಲ್ಲಿ ಬರೀ ನೀಲಿ ಕಲೆ. ಅವ್ವ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು.

ಬೂತಕ್ಕ ಚೀಟಿಯನ್ನು ಬೆಳಕಿಗೆ ಹಿಡಿದರು. "ಅಳಬ್ಯಾಡ ತಂಗಿ. ಮೊದಲಿನ ಅಂಕಿ ಹೋಗಿದ್ರ ಊರ ಸಿಗ್ತಿರಲಿಲ್ಲ. ತುದೀದಷ್ಟ ಹೋಗ್ಯದ. ಬರೇ ಹತ್ತು ಮನಿ. ಹತ್ತೂ ಆಗೂತನಕ ಬಿಡಂಗಿಲ್ಲ."

ಸೊನ್ನೆಯಿಂದ ಶುರು ಮಾಡಿದರು. ಪ್ರತಿ ಸಲವೂ ಅದೇ ಹರಕು ಉರ್ದು, ಅದೇ ಪ್ರಶ್ನೆ: ದವಾಖಾನೆ ಎದುರಿನ ಮನೆಯೇ, ಯಾದಗಿರಿ ಕಡೆಯವರು ಅಲ್ಲಿದ್ದಾರೆಯೇ? ಒಬ್ಬ ಬೈದ. ಒಬ್ಬ ಮುದುಕ ನಿಮ್ಮ ಕಡೆ ಮಳೆ ಹೇಗೆ ಎಂದು ಕೇಳಿದ. ಬೂತಕ್ಕ ಅದಕ್ಕೂ ಉತ್ತರ ಕೊಟ್ಟರು. ನನಗೆ ಆ ಮುದುಕನ ಮೇಲೆ ಕೆಂಡದಂಥ ಕೋಪ. ಎಂಟನೆಯ ಕರೆಗೆ ರಿಸೀವರ್ ನನ್ನ ಕೈಗೆ ಬಂತು. ಕಾಕಾನ ದನಿ: "ಅಣ್ಣ ಕಣ್ಣ ತೆರದಾನವ್ವ. ನೀರು ಕೇಳಾಕತ್ತಾನ."

ನಾನು ಅತ್ತುಬಿಟ್ಟೆ. ಬೂತಕ್ಕ ಚೀಟಿಯ ಮೇಲೆ ಏಳನ್ನು ದಪ್ಪಗೆ ಬರೆದುಕೊಟ್ಟರು. "ಇನ್ನ ಮುಂದ ಪೆನ್ಸಿಲ್‌ನಾಗ ಬರಿ. ಇಂಕು ನೀರಿಗೆ ನಿಲ್ಲಂಗಿಲ್ಲ." ಅಷ್ಟು ಹೇಳಿ ಮುಂದಿನವರ ನಂಬರು ಕೇಳಿದರು.

ಅಪ್ಪ ಆಮೇಲೆ ಹದಿನಾಲ್ಕು ವರ್ಷ ಬದುಕಿದ. ಮೊಬೈಲು ಬಂದು ಬೂತ್ ಮುಚ್ಚಿತು. ನಾನು ಸುರಪುರದಲ್ಲಿ ಟೀಚರಾದೆ. ಬೂತಕ್ಕ ಗುರುಮಠಕಲ್‌ನ ಮಗಳ ಮನೆಗೆ ಹೋಗುವಾಗ ನನ್ನ ಮೊಬೈಲ್ ನಂಬರನ್ನು ವಹಿಯಲ್ಲಿ ಪೆನ್ಸಿಲಿನಿಂದಲೇ ಬರೆದುಕೊಂಡಿದ್ದರು. ನಾನು ಅವರದ್ದನ್ನು ಕೇಳಲಿಲ್ಲ. ಆ ಮರೆವಿಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಹೋದ ವರ್ಷ ಗುರುತಿಲ್ಲದ ಹೆಣ್ಣುದನಿಯೊಂದು ಫೋನಿನಲ್ಲಿ ಕೇಳಿತು: "ಶಹಾಪುರದ ಗೇಟ್‌ಮನ್ ಮಗಳೇನ್ರಿ?"

ಹೌದು ಎಂದೆ.

"ಅವ್ವ ನಸುಕಿನ್ಯಾಗ ತೀರಿಕೊಂಡ್ಳರಿ. ನಿಮಗ ತಿಳಸು ಅಂದಿದ್ಳು. ವಹಿ ಮೂಲಿ ಇಲಿ ತಿಂದದ, ನಿಮ್ಮ ನಂಬರಿನ ಕಡೀ ಅಂಕಿ ಇಲ್ಲ." ಆಕೆ ಉಸಿರು ಎಳೆದುಕೊಂಡಳು. "ನಿಮ್ಮದು ಒಂಬತ್ತನೇ ಮನಿರಿ."