ಸೋತವರ ಡಬ್ಬ

ಮೊನ್ನೆಯವರೆಗೆ ನೀವು ನಮ್ಮ ಮನೆಗೆ ಬಂದಿದ್ದರೆ, ಕುಳಿತುಕೊಳ್ಳಿ ಎನ್ನುವ ಮೊದಲು ನಾನು ಚಾವಡಿಯ ಕುರ್ಚಿಯ ಮೇಲಿದ್ದ ತಗಡಿನ ಡಬ್ಬವೊಂದನ್ನು ಎತ್ತಿ ಬದಿಗಿಡಬೇಕಾಗುತ್ತಿತ್ತು. ಹಿಂದೆ ಅಂಗಡಿಗಳಿಗೆ ಬಿಸ್ಕತ್ತು ತುಂಬಿ ಬರುತ್ತಿದ್ದ ಚೌಕದ ಡಬ್ಬ. ಮುಚ್ಚಳವಿಲ್ಲ, ಮೇಲಿನ ಚಿತ್ರ ಅಳಿಸಿಹೋಗಿದೆ, ಸುಟ್ಟ ಹಪ್ಪಳದ ಹಾಗೆ ಮೈತುಂಬ ಉಬ್ಬುಗಳು. ಗುಜರಿಯವನೂ ತೆಗೆದುಕೊಳ್ಳಲು ಹಿಂದೆಮುಂದೆ ನೋಡುವ ಈ ವಸ್ತು ನಮ್ಮ ವಿಧಾನಸಭಾ ಕ್ಷೇತ್ರದ ಚುನಾವಣಾ ಇತಿಹಾಸ ಎಂದರೆ ನೀವು ನಗಬಹುದು. ಮೂಡುಬಿದಿರೆಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ನಾನೂ ಈ ಡಬ್ಬದ ಕಥೆ ಹೇಳಿ ಎಷ್ಟೋ ಸಲ ತರಗತಿಯನ್ನು ನಗಿಸಿದವಳೇ. ಈಗ ತರಗತಿಯಲ್ಲಿ ಅದನ್ನು ಹೇಳುವುದು ಬಿಟ್ಟಿದ್ದೇನೆ.

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ದಾರಿಯಲ್ಲಿ, ಮಡಂತ್ಯಾರಿಗೆ ಸ್ವಲ್ಪ ಈಚೆ, ಒಂದು ತಿರುವಿನ ಮಗ್ಗುಲಲ್ಲಿ ನಮ್ಮ ಸಣ್ಣ ಪೇಟೆ. ರಸ್ತೆಯ ಒಂದು ಬದಿ ಅದ್ರಾಮಾಕನ ದಿನಸಿ ಅಂಗಡಿ, ಎದುರು ಬದಿ ಸಂಜೀವಣ್ಣನ ಹೋಟೆಲು. ಮೀಸೆ ಚಿಗುರಿದಾಗಿನಿಂದ ಇಬ್ಬರೂ ಎದುರಾಳಿ ಪಕ್ಷಗಳಿಗೆ ದುಡಿದವರು. ಅಷ್ಟೇ ಕಾಲದಿಂದ ಬೆಳಗಿನ ಚಹಾವನ್ನು ಒಟ್ಟಿಗೆ ಕುಡಿದವರು. ಫಲಿತಾಂಶದ ದಿನ ಗೆದ್ದ ಪಕ್ಷದವರು ಸೋತವರ ಅಂಗಡಿಯೆದುರು ಒಂದು ಗರ್ನಾಲು ಇಟ್ಟು, ಅದರ ಮೇಲೆ ಈ ಡಬ್ಬ ಕವುಚಿ, ಬತ್ತಿಗೆ ಬೆಂಕಿ ಕೊಡುವುದು ಅವರಿಬ್ಬರು ಕಟ್ಟಿಕೊಂಡ ಪದ್ಧತಿ. ಗರ್ನಾಲೆಂದರೆ ಕಿಟಕಿಯ ಗಾಜು ಅದುರಿಸುವಂಥ ಸಿಡಿಮದ್ದು. ಡಬ್ಬ ಮಾಡಿನೆತ್ತರಕ್ಕೆ ಹಾರಿ ಬೀಳುತ್ತದೆ, ಪೇಟೆಯೆಲ್ಲ ನಗುತ್ತದೆ. ಸೋತವರು ಡಬ್ಬವನ್ನು ಹೆಕ್ಕಿ, ಗೆದ್ದವರಿಗೆ ಲಿಂಬೆ ಶರಬತ್ತು ಕುಡಿಸಿ, ಮುಂದಿನ ಚುನಾವಣೆಯವರೆಗೆ ಆ ಡಬ್ಬವನ್ನು ಎಲ್ಲರಿಗೂ ಕಾಣುವ ಹಾಗೆ ಅಂಗಡಿಯಲ್ಲಿ ಇಟ್ಟುಕೊಳ್ಳಬೇಕು.

ಹೀಗಾಗಿ ಒಂದೊಂದು ಉಬ್ಬೂ ಒಂದೊಂದು ಚುನಾವಣೆ. ಬುಡದ ದೊಡ್ಡ ಉಬ್ಬು ಮತಪತ್ರದ ಕಾಲದ್ದು. ಎಣಿಕೆ ಮುಗಿಯುವುದನ್ನು ಕಾದು ಕಾದು, ರೇಡಿಯೋ ಹೇಳಿದ ಮೇಲೂ ನಂಬದೆ, ಬಂಟ್ವಾಳದಿಂದ ಬಂದ ಬಸ್ಸಿನ ಕಂಡಕ್ಟರನನ್ನು ಕೇಳಿ ಖಚಿತಪಡಿಸಿಕೊಂಡು ಹೊಡೆದದ್ದಂತೆ. ಅದರ ಬಳಿಯ ಸೊಟ್ಟ ಉಬ್ಬು ಮತಯಂತ್ರ ಬಂದ ವರ್ಷದ್ದು. ಫಲಿತಾಂಶ ಇಷ್ಟು ಬೇಗ ಬಂದದ್ದರಿಂದ ಒಳ್ಳೆಯ ಗರ್ನಾಲು ತರಲು ಪುರುಸೊತ್ತೇ ಆಗಲಿಲ್ಲವೆಂದು ಅದ್ರಾಮಾಕನ ದೂರು. ಮೂಲೆಯಲ್ಲಿ ಕಂಡೂ ಕಾಣದಂತಿರುವುದು ಮರು ಎಣಿಕೆಯದ್ದು. ಕಾಯುವಾಗ ಮಳೆ ಬಂದು ಮದ್ದು ಒದ್ದೆಯಾಗಿತ್ತು. ಯಾರು ಗೆದ್ದರು, ಎಷ್ಟರಿಂದ ಗೆದ್ದರು ಎನ್ನುವುದು ಸರಕಾರದ ಪುಸ್ತಕಗಳಲ್ಲಿ ಉಂಟು. ಸೋತವರು ಮರುದಿನ ಹೇಗೆ ಬದುಕಿದರು ಎನ್ನುವುದು ಈ ತಗಡಿನಲ್ಲಿ ಮಾತ್ರ ಇತ್ತು.

ಈ ಸಲ ಗೆದ್ದದ್ದು ಸಂಜೀವಣ್ಣನ ಪಕ್ಷ. ನಾನು ಬೆಲ್ಲ ಕೊಳ್ಳಲು ಅದ್ರಾಮಾಕನ ಅಂಗಡಿಗೆ ಹೋಗಿದ್ದೆ. ಕಳೆದ ಸಲ ಸೋತು ಡಬ್ಬ ಇಟ್ಟುಕೊಂಡಿದ್ದ ಸಂಜೀವಣ್ಣ ಅದನ್ನು ಕಂಕುಳಲ್ಲಿ ಒತ್ತಿಕೊಂಡು, ಹೆಗಲಿಗೆ ಪಕ್ಷದ ಶಾಲು ಹಾಕಿ, ಮದುಮಗನ ಗತ್ತಿನಲ್ಲಿ ರಸ್ತೆ ದಾಟಿ ಬಂದರು. ಅವರ ಮಾತು ತುಳುವಿನದ್ದು. ನಿಮಗಾಗಿ ಕನ್ನಡದಲ್ಲಿ ಬರೆಯುತ್ತೇನೆ.

“ಏ ಅದ್ರಾಮ, ಶರಬತ್ತು ರೆಡಿ ಮಾಡು. ಸಕ್ಕರೆ ಜಾಸ್ತಿ ಹಾಕು, ಸೋತವರ ಕೈ ಕಹಿ ಇರ್ತದೆ.”

“ನಿನಗೆ ಶುಗರ್ ಉಂಟಲ್ಲ ಮಾರಾಯ! ಗೆದ್ದ ಖುಷಿಯಲ್ಲಿ ಸತ್ತುಹೋದರೆ ಮುಂದಿನ ಸಲ ನಾನು ಯಾರ ಹೋಟೆಲಿನ ಎದುರು ಹೊಡೆಯುವುದು?” ಎನ್ನುತ್ತ ಅದ್ರಾಮಾಕ ಲಿಂಬೆ ಹಿಂಡಲು ಒಳಗೆ ಹೋದರು.

ಗರ್ನಾಲು ಸಿಡಿಯಿತು. ಡಬ್ಬ ಹಾರಿ ರಸ್ತೆಯ ನಡುವೆ ಬಿತ್ತು. ಅಂಗಡಿಯ ಬಾಗಿಲೊಳಗೆ ನಿಂತು ನಾನೂ ಚಪ್ಪಾಳೆ ತಟ್ಟಿದೆ. ಆ ಹೊಗೆ ಇಳಿಯುವ ಮೊದಲೇ ತಿರುವಿನಿಂದ ವಿಜಯೋತ್ಸವದ ಬೈಕುಗಳು ಬಂದವು. ನಮ್ಮ ಕ್ಷೇತ್ರದವರೇ ಇರಬೇಕು, ಆದರೆ ನಮ್ಮ ಪೇಟೆಯವರಲ್ಲ. ಬಣ್ಣ ಮೆತ್ತಿಕೊಂಡ ಮುಖಗಳಲ್ಲಿ ಒಂದೂ ಗುರುತಿನದ್ದಲ್ಲ. ಅವರಿಗೆ ಕಂಡದ್ದು ಇಷ್ಟೇ: ತಮ್ಮದೇ ಶಾಲು ಹಾಕಿದ ಹಿರಿಯರೊಬ್ಬರು ಬ್ಯಾರಿ ಮುಸ್ಲಿಮನ ಅಂಗಡಿಯೆದುರು ಗರ್ನಾಲು ಹೊಡೆದು ನಿಂತಿದ್ದಾರೆ. ಒಂದು ಕೇಕೆ ಎದ್ದಿತು. ಬೈಕುಗಳು ನಿಂತವು. ಉರಿಯುತ್ತಿದ್ದ ಪಟಾಕಿಯ ಸರವೊಂದು ನನ್ನ ತಲೆಯ ಮೇಲಿಂದ ಅಂಗಡಿಯೊಳಗೆ ಬಂದು ಅಕ್ಕಿಮೂಟೆಗಳ ನಡುವೆ ಬಿತ್ತು. ಹಿಂದೆಯೇ ಇನ್ನೊಂದು.

ನಾನು ಮೂಟೆಯ ಹಿಂದೆ ಕುಕ್ಕರಿಸಿದೆ. ಬಾಗಿಲಲ್ಲಿ ತೂಗುಹಾಕಿದ್ದ ಹಿಡಿಸೂಡಿ ಪೊರಕೆಗಳಿಗೆ ಕಿಡಿ ಹತ್ತಿತು. ಒಣ ತೆಂಗಿನ ಕಡ್ಡಿ, ಚಟಪಟನೆ ಉರಿಯಿತು. ಅವುಗಳ ಕೆಳಗೆ ತೆಂಗಿನೆಣ್ಣೆಯ ಡಬ್ಬಗಳ ಸಾಲು. ಬಾಗಿಲಿಗೆ ಅಡ್ಡವಾಗಿ ಕೈ ಚಾಚಿ ನಿಂತ ಸಂಜೀವಣ್ಣ ಕೂಗುತ್ತಿದ್ದರು: “ಬೇಡ ಮಕ್ಕಳೇ, ಇದು ನಮ್ಮ ಆಟ! ಒಳಗೆ ಜನ ಇದ್ದಾರೆ!”

ಅದಕ್ಕೆ ಬೈಕಿನವನೊಬ್ಬ ಕೊಟ್ಟ ಉತ್ತರ ನನ್ನ ಕಿವಿಯಿಂದ ಇಂದಿಗೂ ಇಳಿದಿಲ್ಲ. ಒರಟು ದನಿಯಲ್ಲ, ಮರ್ಯಾದೆಯ, ಪ್ರೀತಿಯ ದನಿ. “ಶುರು ಮಾಡಿದ್ದೀರಲ್ಲ ಅಣ್ಣಾ, ಸಾಕು. ಬದಿಗೆ ನಿಲ್ಲಿ, ಬಾಕಿ ನಾವು ನೋಡಿಕೊಳ್ತೇವೆ.”

ಒಳಗಿನಿಂದ ಅದ್ರಾಮಾಕ ಶರಬತ್ತಿನ ಪಾತ್ರೆಯನ್ನೇ ಎತ್ತಿ ತಂದು ಹಿಡಿಸೂಡಿಗಳ ಮೇಲೆ ಸುರಿದರು. ಬೆಂಕಿ ಬುಸ್ಸೆಂದು ಕುಗ್ಗಿತು. ಸಂಜೀವಣ್ಣನ ಕಾಲ ಬುಡದಲ್ಲಿ ಇನ್ನೊಂದು ಸರ ಸಿಡಿಯುತ್ತಿದ್ದರೂ ಅವರು ಕದಲಲಿಲ್ಲ. ಅಷ್ಟರಲ್ಲಿ ಮೆರವಣಿಗೆಯ ಮುಂಭಾಗ ಹಾರ್ನ್ ಹಾಕಿ ಕರೆಯಿತೆಂದು ಬೈಕುಗಳು ಹೊರಟವು, ಬಂದಷ್ಟೇ ಸಲೀಸಾಗಿ. ನಾನು ರಸ್ತೆಗಿಳಿದು ಡಬ್ಬವನ್ನು ಹೆಕ್ಕಿಕೊಂಡು ಮನೆಗೆ ಹೋದೆ. ಯಾಕೆ ಹೆಕ್ಕಿದೆನೋ ತಿಳಿಯದು. ಬೆಲ್ಲ ಅಲ್ಲೇ ಉಳಿಯಿತು.

ಅಂದಿನಿಂದ ಕುಕ್ಕರ್ ಕೂಗಿದರೆ ನಾನು ಗೋಡೆಗೆ ಒರಗುತ್ತೇನೆ. ಲಿಂಬೆ ಹೆಚ್ಚಿದರೆ ಕರಟಿದ ಸಕ್ಕರೆಯ ವಾಸನೆ ಬರುತ್ತದೆ. ಮತ ಹಾಕಿದ ಬೆರಳಿನ ಶಾಯಿ ಉಗುರಿನ ಜೊತೆ ಮೇಲೇರುತ್ತ ಬಂತು; ಆ ಮಧ್ಯಾಹ್ನ ಮಾತ್ರ ಇದ್ದಲ್ಲೇ ಇದೆ. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ತಿರುಗಿಸುತ್ತೇನೆ: ಇಷ್ಟು ವರ್ಷ ಆ ಗರ್ನಾಲು ಯಾರನ್ನೂ ಯಾಕೆ ಸುಡಲಿಲ್ಲ? ನೋಡುತ್ತಿದ್ದ ಪ್ರತಿಯೊಬ್ಬರಿಗೂ ಅದು ತಮಾಷೆಯೆಂದು ಗೊತ್ತಿತ್ತು, ಅಷ್ಟೇ. ಸೋತವರನ್ನು ಹೀಗೆ ಗೇಲಿ ಮಾಡುವ ಸಲುಗೆ ನಮ್ಮ ಪೇಟೆ ದಶಕಗಳಿಂದ ಒಟ್ಟಿಗೆ ಚಹಾ ಕುಡಿದು ಗಳಿಸಿಕೊಂಡದ್ದು. ತಿರುವಿನ ಆಚೆಯಿಂದ ಬಂದವರಿಗೆ ಆ ಚಹಾ ಕಾಣಲಿಲ್ಲ, ಹೊಗೆ ಮಾತ್ರ ಕಂಡಿತು. ಅವರ ಕೈಯಲ್ಲೂ ನನ್ನ ಬೆರಳಿನದ್ದೇ ಶಾಯಿ ಇತ್ತು.

ನಿನ್ನೆ ಸಂಜೀವಣ್ಣ ಬ್ಯಾಂಡೇಜಿನ ಕಾಲು ಎಳೆಯುತ್ತ ಮನೆಗೆ ಬಂದರು. “ಡಬ್ಬ ಕೊಡು ಮಗಾ. ಸೋತವರ ಹತ್ತಿರ ಇರಬೇಕಾದ್ದು.”

“ಗೆದ್ದದ್ದು ನಿಮ್ಮ ಪಕ್ಷ ಅಲ್ವಾ ಸಂಜೀವಣ್ಣ?”

“ಪಕ್ಷ ಗೆದ್ದಿತು,” ಎಂದರು.

ಅವರಿಗೆ ನಡೆಯಲು ಕಷ್ಟವೆಂದು ಡಬ್ಬವನ್ನು ನಾನೇ ಹೋಟೆಲಿಗೆ ಕೊಂಡೊಯ್ದೆ. ಅದ್ರಾಮಾಕ ಚಹಾ ಕುಡಿಯುತ್ತ ಕೂತಿದ್ದರು. ಯಾವಾಗಲೂ ರಸ್ತೆಗೆ ಬೆನ್ನು ಹಾಕಿ ಕೂರುತ್ತಿದ್ದವರು ನಿನ್ನೆ ರಸ್ತೆಗೆ ಮುಖ ಮಾಡಿ ಕೂತಿದ್ದರು. ಬೆಳಕಿನಲ್ಲಿ ಡಬ್ಬವನ್ನು ತಿರುಗಿಸಿದಾಗ ಅದರ ಒಂದು ಮಗ್ಗುಲನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಇಷ್ಟು ವರ್ಷಗಳ ಚುನಾವಣೆಗಳೆಲ್ಲ ಆ ತಗಡನ್ನು ಒಳಗಿನಿಂದ ಹೊರಕ್ಕೆ ಉಬ್ಬಿಸಿದ್ದವು. ಆ ಮಗ್ಗುಲಲ್ಲಿ ಮಾತ್ರ ಬೈಕಿನ ಚಕ್ರ ಹತ್ತಿ, ತಗಡು ಒಳಕ್ಕೆ ಕುಸಿದಿತ್ತು.

ಸಂಜೀವಣ್ಣ ವೀಳ್ಯ ಕುಟ್ಟುವ ಕುಟ್ಟಾಣಿಯ ಗುಂಡನ್ನು ಡಬ್ಬದೊಳಗೆ ಇಳಿಸಿ ಆ ತಗ್ಗನ್ನು ಹೊರಕ್ಕೆ ಬಡಿಯತೊಡಗಿದರು. ಠಣ್ ಎಂದಿತು. ಅದ್ರಾಮಾಕನ ಗ್ಲಾಸಿನಿಂದ ಚಹಾ ತುಳುಕಿತು. ಮೂವರೂ ಒಟ್ಟಿಗೆ ತಿರುವಿನ ಕಡೆಗೆ ನೋಡಿದೆವು. ಅಲ್ಲಿ ಯಾರೂ ಇರಲಿಲ್ಲ.

“ಮೆಲ್ಲ ಹೊಡಿ ಮಾರಾಯ,” ಎಂದರು ಅದ್ರಾಮಾಕ. ಎದ್ದು ಹೋಗಿ ಡಬ್ಬದ ಬಾಯನ್ನು ಎರಡೂ ಕೈಗಳಿಂದ ಅಲುಗದಂತೆ ಹಿಡಿದುಕೊಂಡರು. “ಈಗ ಹೊಡಿ.”