ಬೆಂಕಿಯಿಲ್ಲದ ಬಿಸಿ

ಪಂಕ್ಚರ್ ಅಂಗಡಿಯ ರಬ್ಬರ್ ವಾಸನೆ ಬಂದರೆ ಈಗಲೂ ನನಗೆ ಸಿಟ್ಟು ಬರುತ್ತದೆ. ನಾನು ಚಿಕ್ಕವಳಿದ್ದಾಗ ಸಿಂದಗಿಯಲ್ಲಿ ನಮ್ಮ ಅಬ್ಬಾನದು ಸೈಕಲ್ ಪಂಕ್ಚರ್ ಅಂಗಡಿ ಇತ್ತು. ಶಾಲೆಯಲ್ಲಿ ಮಾಸ್ತರರು ಬೆಂಕಿಯಿಲ್ಲದೆ ಬಿಸಿಯಿಲ್ಲ ಎಂದಾಗ ನಾನು ಎದ್ದು ನಿಂತು, "ಗಾಳಿ ಹೊಡದ್ರ ಪಂಪ್ ಬಿಸಿ ಆಗ್ತೈತ್ರಿ" ಎಂದೆ.

"ಸುಳ್ಳ ಹೇಳ್ತೀ?" ಎಂದು ಅಂಗೈ ಬಾತುಕೊಳ್ಳುವಂತೆ ಛಡಿಯಿಂದ ಹೊಡೆದರು.

ಮರುದಿನ ಅಬ್ಬಾ ಶಾಲೆಗೇ ಪಂಪು ತಂದು, ಎಲ್ಲರೆದುರು ಜೋರಾಗಿ ಗಾಳಿ ಹೊಡೆದು, "ಮುಟ್ಟಿ ನೋಡ್ರಿ" ಎಂದ.

ಮಾಸ್ತರರು ಮುಟ್ಟಿದವರೇ ಕೈ ಹಿಂದೆಗೆದರು. "ಬಿಸಿ ಐತಿ, ಖರೆ. ಆದ್ರ ಹುಡುಗಿಗೆ ಇದೆಲ್ಲಾ ಯಾಕ ಬೇಕ್ರಿ?"

"ಅದೂ ಖರೇನ ಬಿಡ್ರಿ" ಎಂದು ಅಬ್ಬಾ ನಕ್ಕ. ಆ ವರ್ಷವೇ ನನ್ನ ಶಾಲೆ ಬಿಡಿಸಿದ.

ಪಂಪು ಒತ್ತುವ ನಮ್ಮ ಶ್ರಮವೇ ಬಿಸಿಯಾಗುತ್ತದೆಂದು ನಿನ್ನೆ ಮೊಮ್ಮಗಳ ಪುಸ್ತಕದಲ್ಲಿ ಓದಿದೆ. ಪುಸ್ತಕ ಬೀಸಿ ಒಗೆಯಬೇಕೆನಿಸಿತು. ಗೆದ್ದಿದ್ದೆವಲ್ಲ, ಅಬ್ಬಾ ಯಾಕೆ ನಕ್ಕ?